ಬಿಳಿ ಹೊಗೆ, ಕೆಂಪು ಚೊಗರು

ಮಲೆನಾಡಿನ ಚಳಿಗಾಲದ ಬೆಳಿಗ್ಗೆ ಬಿಳಿ ಹೊಗೆ ಬಿಡದ ವಸ್ತುವನ್ನು ಹುಡುಕಬೇಕು. ಬಚ್ಚಲ ಒಲೆ ಬಿಡುತ್ತದೆ, ಅಡಿಕೆ ಬೇಯಿಸುವ ಹಂಡೆ ಬಿಡುತ್ತದೆ, ಗೊಬ್ಬರದ ಗುಂಡಿ ಬಿಡುತ್ತದೆ, ಬಾಯಿ ತೆರೆದರೆ ನಾವೂ ಬಿಡುತ್ತೇವೆ. ಯಾರೂ ಏನೂ ಕೇಳುವುದಿಲ್ಲ. ನನ್ನ ಹಳೇ ಪೆಟ್ರೋಲ್ ಕಾರಿನ ಸೈಲೆನ್ಸರ್ ಅದೇ ಕೆಲಸ ಮಾಡಿದ್ದಕ್ಕೆ ಮಾತ್ರ ಇಡೀ ಅಂಗಳ ಎದ್ದು ಬಂತು.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಆಗ ಅಡಿಕೆ ಕೊಯ್ಲು. ಸುಲಿಯುವವರು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತಿದ್ದರು. ಅವರ ಕೈಗೆ ಕೆಲಸ, ಬಾಯಿಗೆ ರಜೆ. ಒಬ್ಬರು ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ ಅಂತ ಲೆಕ್ಕ ಎಂದರು. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಕುಡೀತಿದೆ ಎಂದರು ಇನ್ನೊಬ್ಬರು. ಬಿಳಿಯ ವಿಷಯಕ್ಕೆ ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು.

"ಹೆಡ್ ಗ್ಯಾಸ್ಕೆಟ್ ಹೋಯ್ತು ಮಾರಾಯ" ಎಂದರು ದೊಡ್ಡಪ್ಪ, ಕಾಫಿ ಲೋಟ ಕೆಳಗಿಡದೆ.

ದೊಡ್ಡಪ್ಪನ ಹತ್ತಿರ ಹಿಂದೆ ಒಂದು ಜೀಪಿತ್ತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಯಾವುದೋ ಒಂದರಲ್ಲಿ ಅದು ಕುದಿದು ನಿಂತಿತ್ತು. ಯಾವ ತಿರುವು ಅನ್ನುವುದು ಕಥೆ ಹೇಳಿದಾಗಲೆಲ್ಲ ಬದಲಾಗುತ್ತದೆ, ಗ್ಯಾಸ್ಕೆಟ್ ಮಾತ್ರ ಬದಲಾಗುವುದಿಲ್ಲ. ಅಂದಿನಿಂದ ಅವರಿಗೆ ಕೆಟ್ಟದ್ದೆಲ್ಲ ಗ್ಯಾಸ್ಕೆಟ್ಟೇ. ಮಿಕ್ಸಿ ನಿಂತಾಗಲೂ ಹಾಗೇ ಅಂದಿದ್ದರು. (ಕುಕ್ಕರ್ ವಿಷಯದಲ್ಲಿ ಒಮ್ಮೆ ಸರಿಯೂ ಆಗಿತ್ತು.)

ಹಾಗಂತ ಸುಮ್ನೆ ತಳ್ಳಿಹಾಕುವ ಮಾತಲ್ಲ. ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಆ ತೆಳು ಹಾಳೆ ಸುಟ್ಟರೆ ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಸಿಲಿಂಡರಿಗೆ ನುಗ್ಗುತ್ತದೆ, ಆವಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಆ ಹೊಗೆ ದಟ್ಟವಾಗಿರುತ್ತದೆ, ಸಿಹಿ ವಾಸನೆ ಇರುತ್ತದೆ, ಇಂಜಿನ್ ಬಿಸಿಯಾದರೂ ನಿಲ್ಲುವುದಿಲ್ಲ. ನನ್ನ ಕಾರಿನ ಟ್ಯಾಂಕಿಯಲ್ಲಿ ಕೂಲೆಂಟ್ ಕಮ್ಮಿ ಆಗುತ್ತಲೂ ಇತ್ತು. ಬಾನೆಟ್ ಎತ್ತಿ ಆಯಿಲ್ ಮುಚ್ಚಳ ತಿರುಗಿಸಿದರೆ ಒಳಗೆ ಮಜ್ಜಿಗೆಯಂಥದ್ದು ಮೆತ್ತಿತ್ತು, ಆಯಿಲಿಗೆ ನೀರು ಬೆರೆತ ಗುರುತು. ದೊಡ್ಡಪ್ಪ ಅದನ್ನು ಎಲ್ಲರಿಗೂ ತೋರಿಸಿಕೊಂಡು ಬಂದರು.

ಸಾಗರದಿಂದ ಬಂದಿದ್ದ ಭಾವನದು ಬೇರೆ ದಾರಿ. "ವಾಸನೆ ನೋಡು, ಸಿಹಿ ಇದ್ದರೆ ಕೂಲೆಂಟೇ." ಸೈಲೆನ್ಸರಿಗೆ ಮೂಗು ಹಿಡಿಯುವುದು ಒಳ್ಳೆಯದಲ್ಲ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೇ ದೂರ ನಿಂತು ಕೈಯಿಂದ ಹೊಗೆಯನ್ನು ಮುಖದ ಕಡೆ ಎಳೆದುಕೊಂಡೆ. ಹೊರಗೆ ಬಂದ ಅತ್ತಿಗೆ, "ಮಂಗಳಾರತಿ ಆಯ್ತಾ? ಪ್ರಸಾದ ಯಾವಾಗ?" ಎಂದು ಕೇಳಿ ಒಳಗೆ ಹೋದರು. ಮೂಗಿಗೆ ಸಿಕ್ಕಿದ್ದು ಹಂಡೆಯಲ್ಲಿ ಬೇಯುತ್ತಿದ್ದ ಅಡಿಕೆಯ ವಾಸನೆ ಮಾತ್ರ.

ಸೋರಿಕೆ ಹುಡುಕುವುದು ಇನ್ನೂ ಕಷ್ಟವಾಯಿತು. ಕಾರು ನಿಲ್ಲುವುದು ಅಡಿಕೆ ಬೇಯಿಸುವ ಕೊಟ್ಟಿಗೆಯ ಪಕ್ಕ. ಅಲ್ಲಿಯ ನೆಲವೆಲ್ಲ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದ, ಕಲೆ. ನನ್ನ ಕಾರಿನ ಕೂಲೆಂಟಿನ ಬಣ್ಣವೂ ಕೆಂಪು. ಹಸಿರು ಕೂಲೆಂಟ್ ಆಗಿದ್ದರೆ ಒಂದು ನೋಟಕ್ಕೇ ಮುಗಿಯುತ್ತಿತ್ತು. ರಾತ್ರಿ ಕಾರಿನಡಿ ರಟ್ಟು ಹಾಸಿಟ್ಟೆ. ಬೆಳಿಗ್ಗೆ ಅದರ ಮೇಲೆ ಕೆಂಪು ಹನಿಗಳು, ಜೊತೆಗೆ ಕೋಳಿಯ ಹೆಜ್ಜೆ.

"ಅದು ಚೊಗರು ಕಣೋ, ಕೋಳಿ ತುಳಿದು ತಂದಿದ್ದು" ಎಂದರು ದೊಡ್ಡಪ್ಪ. ಸೋರಿದ್ದು ಹೊರಗೆ ಅಂತಾದರೆ ಅವರ ಗ್ಯಾಸ್ಕೆಟ್ ಕಥೆ ಸಡಿಲವಾಗುತ್ತದಲ್ವಾ?

ಬೆರಳಿಗೆ ಹಚ್ಚಿ ಉಜ್ಜಿದೆ. ಚೊಗರಾದರೆ ಬೆರಳಿಗೆ ಅಂಟುತ್ತದೆ, ಕಲೆಯೂ ಸುಲಭಕ್ಕೆ ಹೋಗುವುದಿಲ್ಲ. ಇದು ನುಣ್ಣಗೆ ಜಾರಿತು, ನೀರಿಗೆ ಹೊರಟೂ ಹೋಯಿತು. ಕೂಲೆಂಟೇ. ಮೊದಲು ನಾಯಿಯನ್ನು ಕಟ್ಟಿಸಿದೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿಗಳು ನೆಕ್ಕುತ್ತವೆ, ಆಮೇಲೆ ಕಿಡ್ನಿ ಹೋಗಿ ಸಾಯುತ್ತವೆ. ದೊಡ್ಡಪ್ಪನೂ ಬೆರಳು ಅದ್ದಿ ನಾಲಿಗೆಗೆ ಇಡುವವರಿದ್ದರು. ಅವರನ್ನು ಕಟ್ಟುವಂತಿರಲಿಲ್ಲ, ಕೈ ಹಿಡಿದುಕೊಂಡೆ.

ಕೂಲೆಂಟ್ ಟ್ಯಾಂಕಿ ತುಂಬಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟು ತೀರ್ಥಹಳ್ಳಿಗೆ ಹೊರಟೆವು. ದೊಡ್ಡಪ್ಪ ಸಾಕ್ಷಿಗೆ, ದೊಡ್ಡಮ್ಮ ಪೇಟೆ ಕೆಲಸಕ್ಕೆ. ಗ್ಯಾರೇಜ್ ತಲುಪುವಷ್ಟರಲ್ಲಿ ಹೊಗೆ ಪೂರ್ತಿ ಮಾಯವಾಗಿತ್ತು. ಅದನ್ನು ಕೇಳಿದ ಮೆಕ್ಯಾನಿಕ್ ಹೊಗೆಯ ವಿಷಯವನ್ನೇ ಬಿಟ್ಟರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಹುಟ್ಟುತ್ತದಂತೆ. ತಣ್ಣನೆಯ ಬೆಳಿಗ್ಗೆ ಅದು ಬೆಳ್ಳಗೆ ಕಾಣುತ್ತದೆ, ಅಷ್ಟೆ. ಮಜ್ಜಿಗೆಯೂ ಅದೇ ಪೈಕಿ. ಹಾಲಿನ ಡೈರಿಗೆ ಹೋಗಿ ಬರುವಷ್ಟು ಮಾತ್ರ ಓಡಿಸಿದರೆ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ತೇವ ಮುಚ್ಚಳದಡಿ ಕೂರುತ್ತದೆ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಸ್ವಚ್ಛವಾಗಿತ್ತು.

ದೊಡ್ಡಪ್ಪ ಒಪ್ಪಲಿಲ್ಲ. ಅವರ ಸಮಾಧಾನಕ್ಕೆ ಇನ್ನೊಂದು ಪರೀಕ್ಷೆಯೂ ಆಯಿತು. ಇಂಜಿನ್ ಚಾಲೂ ಇಟ್ಟು ಟ್ಯಾಂಕಿ ಬಾಯಲ್ಲಿ ನೀಲಿ ದ್ರವದ ಕೊಳವೆ ಹಿಡಿದರು. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗ್ಯಾಸ್ ತಾಗಿ ಅದು ಹಳದಿಯಾಗಬೇಕು. ನೀಲಿ ನೀಲಿಯಾಗಿಯೇ ಉಳಿಯಿತು. ಇಂಜಿನ್ ತಣಿದ ಮೇಲೆ ಟ್ಯಾಂಕಿ ಬಾಯಿಗೆ ಪಂಪ್ ಕೂರಿಸಿ ಗಾಳಿ ಒತ್ತಿದರು. ಪಂಪಿನ ಒತ್ತಡದ ಮುಳ್ಳು ಮೆಲ್ಲಗೆ ಇಳಿಯಿತು, ಎಲ್ಲೋ ಸೋರುತ್ತಿದೆ ಅಂತ ಲೆಕ್ಕ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೆಂಪು ಹನಿ ಇಣುಕಿತು. ಒಳಗಿನ ಸೀಲ್ ಹೋದರೆ ಗೊತ್ತಾಗಲಿ ಎಂದೇ ಆ ತೂತು ಬಿಟ್ಟಿರುತ್ತಾರಂತೆ.

"ಸೀಲ್ ಅಂದ್ರೂ ಒಂಥರಾ ಗ್ಯಾಸ್ಕೆಟ್ಟೇ ಅಲ್ವಾ?" ಎಂದರು ದೊಡ್ಡಪ್ಪ. ಮೆಕ್ಯಾನಿಕ್ ಉತ್ತರ ಕೊಡದೆ ಸ್ಪ್ಯಾನರ್ ಹುಡುಕಿದರು.

ಹೊಸ ಪಂಪ್ ಕೂತಿತು. ಮೆಕ್ಯಾನಿಕ್ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸತೊಡಗಿದಾಗ ದೊಡ್ಡಪ್ಪ ತಡೆದರು. "ಬಾಟಲಿ ನೀರಿಗೆ ಯಾಕೆ ದುಡ್ಡು? ಗುಡ್ಡದಿಂದ ದಂಬೆಯಲ್ಲಿ ಹರಿದು ಬರುವ ನೀರು ತಂದಿದ್ದೇನೆ, ಕಾರಲ್ಲೇ ಕ್ಯಾನ್ ಇದೆ."

"ಅದರಲ್ಲೂ ಸ್ವಲ್ಪ ಖನಿಜ ಇರ್ತದೆ ದೊಡ್ಡವ್ರೇ. ರೇಡಿಯೇಟರ್ ಒಳಗೆ ಕಲ್ಲು ಕಟ್ತದೆ."

"ಎಂತ ಮಾತು! ಹುಟ್ಟಿದಾಗಿಂದ ಅದೇ ನೀರು ಕುಡಿದವನು ನಾನು. ನನ್ನೊಳಗೆ ಎಲ್ಲಿ ಕಲ್ಲು ಕಟ್ಟಿದೆ?"

ಹಿಂದಿನ ಸೀಟಿನಿಂದ ದೊಡ್ಡಮ್ಮ ಕೇಳಿದರು: "ಹಾಗಾದ್ರೆ ಹೋದ ವರ್ಷ ಆಸ್ಪತ್ರೆಯಲ್ಲಿ ತೆಗೆಸಿದ್ದೆಂತ, ಗ್ಯಾಸ್ಕೆಟ್ಟಾ?"