ಒಂದೇ ಉಂಗುರ ಸಾಕಿತ್ತು

ಆಕಾಶದಲ್ಲಿ ಉಂಗುರದ ಹಾಗೆ ಕಾಣುವ ಅನಿಲದ ಮೋಡ, ರಿಂಗ್ ನೆಬ್ಯುಲಾದ ಫೋಟೋ ತೆಗೆಯುವ ಹುಚ್ಚು ಹತ್ತಿತು ನನಗೆ. ಅಭಿಜಿತ್ ನಕ್ಷತ್ರ ಹುಡುಕಬೇಕು, ಅದರ ಹತ್ತಿರವೇ ಶೆಲಿಯಾಕ್, ಸುಲಾಫತ್ ಅಂತ ಎರಡು ಚುಕ್ಕಿ, ಅವೆರಡರ ನಡುವೆ ನೋಡಿದರೆ ಆಯ್ತು. ಹೇಳುವಾಗ ಎಷ್ಟು ಸುಲಭ ಅಲ್ವಾ?

ಮೊದಲ ರಾತ್ರಿ ಕತ್ತು ಉಳುಕಿಸಿಕೊಂಡು ಟೆಲಿಸ್ಕೋಪ್ ಹೊರುವ ಮೌಂಟನ್ನು ಧ್ರುವ ನಕ್ಷತ್ರದ ಕಡೆ ಕೂರಿಸಿ, ಕ್ಯಾಮೆರಾ ಸಿಕ್ಕಿಸಿ, ಒಂದು ಫ್ರೇಮ್ ತೆಗೆದೆ. ಪರದೆ ಮೇಲೆ ದುಂಡಗಿನ ಉಂಗುರ! ನಾನು ಕೂಗಿದ ಕೂಗಿಗೆ ಮಲಗಿದ್ದ ಹೆಂಡತಿ ಎದ್ದು ಬಂದಳು. ಸ್ವಲ್ಪ ಹೊತ್ತು ನೋಡಿ, "ಒಂದೇ ಅಂದಿದ್ರಲ್ಲ ರೀ, ಇಲ್ಲಿ ನಲವತ್ತಿವೆ" ಅಂದಳು. ಫೋಕಸ್ ತಪ್ಪಿದರೆ ಕನ್ನಡಿ ಟೆಲಿಸ್ಕೋಪಿನಲ್ಲಿ ಎಲ್ಲ ನಕ್ಷತ್ರವೂ ಉಂಗುರವೇ. ನಡುವಿನ ತೂತು ಕೊಳವೆಯೊಳಗಿನ ಚಿಕ್ಕ ಕನ್ನಡಿಯ ನೆರಳು.

ರಿಂಗ್ ನೆಬ್ಯುಲಾದಂಥವನ್ನು ಗ್ರಹ ನೀಹಾರಿಕೆ ಅಂತಾರೆ. 1780ರ ದಶಕದಲ್ಲಿ ವಿಲಿಯಂ ಹರ್ಷೆಲ್ ಇಟ್ಟ ಹೆಸರು, ಗ್ರಹದ ಥರ ದುಂಡಗೆ ಕಂಡವು ಅಂತ. ಅಸಲಿಗೆ ಗ್ರಹಕ್ಕೂ ಇವಕ್ಕೂ ಸಂಬಂಧವೇ ಇಲ್ಲ, ಮುಪ್ಪಾದ ನಕ್ಷತ್ರ ಕೊಡವಿ ಬಿಟ್ಟ ಅನಿಲ ಅಷ್ಟೆ. ಸಿಕ್ಕವರ ಮುಂದೆಲ್ಲ ಈ ಹೆಸರು ಹೇಳಿ ನಗಾಡುತ್ತಿದ್ದೆ. ಆ ರಾತ್ರಿಯಿಂದ ನಿಲ್ಲಿಸಿದ್ದೇನೆ.

ಎರಡನೇ ರಾತ್ರಿ ಬಾಹ್ತಿನೋವ್ ಮಾಸ್ಕ್ ತಂದೆ. ಟೆಲಿಸ್ಕೋಪಿನ ಬಾಯಿಗೆ ಹಾಕುವ ಸೀಳು ಸೀಳಿನ ಮುಚ್ಚಳ ಅದು, ಹಾಕಿದರೆ ನಕ್ಷತ್ರದಿಂದ ಮೂರು ಗೆರೆ ಹೊರಡುತ್ತವೆ, ನಡುವಿನ ಗೆರೆ ಉಳಿದೆರಡರ ಸರಿಮಧ್ಯೆ ಬಂದರೆ ಫೋಕಸ್ ಪಕ್ಕಾ. ಬಂತು. ಮೂವತ್ತು ಸೆಕೆಂಡಿನ 120 ಫ್ರೇಮ್ ಹಚ್ಚಿ, ಒಂದು ಗಂಟೆ ಸೊಳ್ಳೆಗಳಿಗೆ ಮೈಯೊಡ್ಡಿ ಕೂತೆ. ಬೆಳಿಗ್ಗೆ ನೋಡಿದರೆ ಒಂದೊಂದು ನಕ್ಷತ್ರಕ್ಕೂ ಮೀಸೆ. ಮಾಸ್ಕ್ ತೆಗೆದೇ ಇರಲಿಲ್ಲ.

ಮೂರನೇ ರಾತ್ರಿ ಕನ್ನಡಿಗೆ ಮಂಜು ಹಿಡಿಯಿತು, ಅದನ್ನು ಬಿಡಿ.

ನಾಲ್ಕನೇ ರಾತ್ರಿ ಮಾಸ್ಕ್ ತೆಗೆದೆನಾ ಅಂತ ಮೂರು ಸಲ ಮುಟ್ಟಿ ನೋಡಿಕೊಂಡೆ. ಫ್ರೇಮುಗಳನ್ನೆಲ್ಲ ಸ್ಟ್ಯಾಕ್ ಮಾಡಿದಾಗ, ಅಂದರೆ ಒಂದರ ಮೇಲೊಂದು ಸೇರಿಸಿ ಒಂದೇ ಫೋಟೋ ಮಾಡಿದಾಗ, ಕೊನೆಗೂ ಬಂತು ನೋಡಿ: ನಡುವೆ ಆಕ್ಸಿಜನ್ನಿನ ನೀಲಿ-ಹಸಿರು, ಅಂಚಿಗೆ ಕೆಂಪು. ಎಷ್ಟು ಪುಟ್ಟದು ಅಂದರೆ ಚಂದ್ರನ ಅಗಲಕ್ಕೆ ಇಂಥವು ಇಪ್ಪತ್ತು ಸಾಲಾಗಿ ಹಿಡಿಸುತ್ತವೆ. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಹೊರಟ ಬೆಳಕು! ಎದೆಯುಬ್ಬಿಸಿ ಹೆಂಡತಿಗೆ ತೋರಿಸಿದೆ. ಅವಳು ಜೂಮ್ ಮಾಡಿದಳು, ಕಣ್ಣು ಕಿರಿದು ಮಾಡಿದಳು.

"ಬಾಕಿಯೆಲ್ಲ ಚೆನ್ನಾಗಿ ಬಂದಿದೆ ರೀ. ಇದೊಂದೇ ಫೋಕಸ್ ಆಗಿಲ್ಲ."