ಫ್ರೀಜರ್‌ನಲ್ಲಿಟ್ಟರೆ ಕ್ರಿಮಿಗಳು ಸಾಯುತ್ತವೆಯೇ? ಸತ್ಯಾಂಶ

ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟ ಆಹಾರದಲ್ಲಿ ಕ್ರಿಮಿಗಳೆಲ್ಲ ಸಾಯುತ್ತವೆ, ಅದನ್ನು ಎಷ್ಟು ಸಲ ಕರಗಿಸಿ ಮತ್ತೆ ಇಟ್ಟರೂ ತೊಂದರೆಯಿಲ್ಲ ಎಂಬ ಸಂದೇಶವೊಂದು ವಿಜಯಪುರದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಅವುಗಳಲ್ಲಿ ಅನೇಕವು ಬದುಕಿಯೇ ಇರುತ್ತವೆ. ಗಟ್ಟಿಯಾದ ಕೋಳಿ ಮಾಂಸವನ್ನು 40 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೆ, ಒಳಭಾಗ ಇನ್ನೂ ಕಲ್ಲಿನಂತಿರುವಾಗಲೇ ಹೊರಪದರ ಬೆಚ್ಚಗಾಗಿ, ಅಲ್ಲಿ ಉಳಿದ ಬ್ಯಾಕ್ಟೀರಿಯಾಗಳು ಮತ್ತೆ ವೇಗವಾಗಿ ಹೆಚ್ಚತೊಡಗುತ್ತವೆ. ಆದ್ದರಿಂದ ಅದನ್ನು ರಸ ಸೋರದ ಪಾತ್ರೆಯಲ್ಲಿ ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ ರಾತ್ರಿಯಿಡೀ ಇಟ್ಟು ಕರಗಿಸಬೇಕು. ಕ್ರಿಮಿಗಳನ್ನು ಕೊಲ್ಲುವುದು ಚೆನ್ನಾಗಿ ಬೇಯಿಸುವ ಬಿಸಿಯೇ. ಹೊರಗೆ ಗಂಟೆಗಟ್ಟಲೆ ಕರಗಿದ್ದನ್ನು ದಯವಿಟ್ಟು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ನಮ್ಮ ಭಾಗದಲ್ಲಿ ಕರೆಂಟ್ ಹೋಗುವುದೂ ಲೆಕ್ಕಕ್ಕೆ ಬರುತ್ತದೆ. ಬೇರೆ ಬಾಗಿಲಿನ, ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಂಪು ಹಿಡಿದಿಡುತ್ತದೆ ಎನ್ನುವುದು ಸಾಮಾನ್ಯ ಅಂದಾಜು. ಆದರೆ ಒಂದೇ ಬಾಗಿಲಿನ ಫ್ರಿಜ್‌ನೊಳಗಿನ ಪುಟ್ಟ ಫ್ರೀಜರ್‌ನಿಂದ, ಅದರಲ್ಲೂ ನಮ್ಮ ಬೇಸಿಗೆಯಲ್ಲಿ, ಅಷ್ಟು ನಿರೀಕ್ಷಿಸಬಾರದು. ಊರಿಗೆ ಹೋಗುವ ಮುನ್ನ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟುಹೋಗಿ. ಮರಳಿದಾಗ ನಾಣ್ಯ ತಳದಲ್ಲಿ ಕಂಡರೆ, ನೀವಿಲ್ಲದಾಗ ಮಂಜುಗಡ್ಡೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಅಲ್ಲಿದ್ದ ಮಾಂಸ, ಮೀನುಗಳನ್ನು ಎಸೆಯಬೇಕು.