ಮುಖ್ಯಸ್ಥರು ಬೇಕಾಗಿದ್ದಾರೆ, ಸೊಳ್ಳೆಗಳು ಈಗಾಗಲೇ ಸೇರಿಕೊಂಡಿವೆ

ಮಂಗಳೂರಿನ ಒಂದು ವಿಶ್ವವಿದ್ಯಾಲಯ ತನ್ನ ಪಾಪ್ಯುಲೇಷನ್ ಹೆಲ್ತ್, ಅಂದರೆ ಜನಾರೋಗ್ಯ ವಿಭಾಗಕ್ಕೆ ನಾಯಕರನ್ನು ಹುಡುಕುತ್ತಿದೆ. ಯಾವ ವಿಶ್ವವಿದ್ಯಾಲಯ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಾನೇ ಕಟ್ಟಿದ್ದು, ಈ ಅಂಕಣದೊಳಗೆ. ಇದಕ್ಕೆ ಪಾಲಿಕೆಯ ಪರವಾನಗಿಯೂ ಬೇಡ, ಪಾರ್ಕಿಂಗ್ ಜಾಗವೂ ಬೇಡ.

ವಿಭಾಗವೇನೂ ಹೊಸತಲ್ಲ. ಮೊದಲು ಪಿಎಸ್‌ಎಂ (ಪ್ರಿವೆಂಟಿವ್ ಅಂಡ್ ಸೋಶಿಯಲ್ ಮೆಡಿಸಿನ್) ಅಂತಿತ್ತು, ಆಮೇಲೆ ಕಮ್ಯುನಿಟಿ ಮೆಡಿಸಿನ್ ಆಯಿತು. ಈಗ ಬೋರ್ಡು ಮತ್ತೆ ಬದಲಾಗಿದೆ. ಒಳಗೆ ಹೋದರೆ ಅದೇ ಮ್ಯೂಸಿಯಂ. ಥರ್ಮೋಕೋಲಿನ ಮಾದರಿ ಬಾವಿ, ಪ್ಲಾಸ್ಟರಿನ ಮಾದರಿ ಕಕ್ಕಸು, ಜಾಡಿಗಳಲ್ಲಿ ಸಾಲಾಗಿ ಬೇಳೆಕಾಳು. ಕೇಸರಿ ಬೇಳೆಯ ಜಾಡಿಗೆ ಹುಳ ಹಿಡಿದು ಎಷ್ಟು ಕಾಲವಾಯಿತೋ. ಇಡೀ ವಿಭಾಗದಲ್ಲಿ ಓಡಾಟ ಇರುವುದು ಆ ಜಾಡಿಯಲ್ಲಿ ಮಾತ್ರ ಅಂತ ವಿದ್ಯಾರ್ಥಿಗಳು ನಗುತ್ತಾರೆ.

ಜಾಹೀರಾತನ್ನು ನೀವು ನೋಡಬೇಕಿತ್ತು. ಅರ್ಧ ಪುಟ, ಬಣ್ಣದಲ್ಲಿ. ‘ದೂರದೃಷ್ಟಿಯುಳ್ಳ, ಬದಲಾವಣೆಯ ಹರಿಕಾರರಾದ, ವಿಶ್ವಮಟ್ಟದ ನಾಯಕರು’ ಬೇಕಂತೆ. ಸ್ಕೋಪಸ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರಬಂಧಗಳ ರಾಶಿ ಇರಬೇಕು. ಅವನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅಂತ ಅಳೆಯುವ ಎಚ್-ಇಂಡೆಕ್ಸ್ ದಪ್ಪ ಇರಬೇಕು. ಕೋಟಿ ಲೆಕ್ಕದಲ್ಲಿ ಅನುದಾನ ತಂದಿರಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ನಗುಮುಖದಲ್ಲಿ ಬಾಗಿಲಲ್ಲಿ ನಿಲ್ಲಬೇಕು, ಸ್ಥಾನಪಟ್ಟಿ ಮಾಡುವ ಎನ್‌ಐಆರ್‌ಎಫ್‌ಗೆ ಅಂಕಿಅಂಶ ತುಂಬುವಾಗ ರಾತ್ರಿಯಿಡೀ ಕೂರಬೇಕು. ಕನ್ನಡ, ತುಳು, ಬ್ಯಾರಿ, ಕೊಂಕಣಿ, ಇವುಗಳಲ್ಲಿ ಒಂದಾದರೂ ಬರಬೇಕು ಅಂತ ಮಾತ್ರ ಎಲ್ಲೂ ಇಲ್ಲ. ಬಂಟ್ವಾಳದಲ್ಲಿ ಬೀಡಿ ಕಟ್ಟುವ ಹೆಂಗಸಿನ ಕೆಮ್ಮು, ಗದ್ದೆಗೆ ಇಳಿದವರ ಇಲಿಜ್ವರ, ದಕ್ಕೆಯಲ್ಲಿ ಮೀನು ಹೊರುವವರ ಬೆನ್ನುನೋವು, ಇವೆಲ್ಲ ಸಣ್ಣ ವಿಷಯ. ವಿದ್ಯಾರ್ಥಿಗಳ ಕೈಯಲ್ಲಿ ಫಾರಂ ತುಂಬಿಸಿದರೆ ಆಯಿತು. ಹೇಗೂ ಈಗ ಎಂಬಿಬಿಎಸ್ ಮಕ್ಕಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು ಅಂತ ನಿಯಮವೇ ಉಂಟಲ್ಲ. ಕಾಲೇಜು ಬಸ್ಸಿನಲ್ಲಿ ಹೋಗುತ್ತಾರೆ, ಬಿಪಿ ನೋಡುತ್ತಾರೆ, ದತ್ತಿಗೆ ಹೋದ ಅಜ್ಜಿಯೇ ಕೊಟ್ಟ ಶರಬತ್ತು ಕುಡಿದು ಬರುತ್ತಾರೆ.

ಈ ಜಾಹೀರಾತಿಗೆ ಲಂಡನ್ನಿನ ಜಾನ್ ಸ್ನೋ ಅರ್ಜಿ ಹಾಕಿದ್ದರೆ? 1854ರ ಕಾಲರಾದಲ್ಲಿ, ರೋಗ ಹರಡುತ್ತಿರುವುದು ನೀರಿನಿಂದ ಅಂತ ಗುರುತಿಸಿ ಬ್ರಾಡ್ ಸ್ಟ್ರೀಟ್ ಪಂಪಿನ ಹಿಡಿಕೆ ತೆಗೆಸಿದ ಮನುಷ್ಯ. ಮೊದಲ ತಕರಾರು, ಆತ ಅರಿವಳಿಕೆ ವೈದ್ಯ. ವಿಷಯವೇ ಬೇರೆ. ರಾಣಿ ವಿಕ್ಟೋರಿಯಾಳ ಹೆರಿಗೆಗೆ ಕ್ಲೋರೋಫಾರಂ ಕೊಟ್ಟವನಾದರೂ ಸರಿ, ಅರ್ಹತೆ ಇಲ್ಲ. ಎರಡನೆಯದು, ಕಾಲರಾ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದ. 200 ಪೌಂಡಿಗೂ ಜಾಸ್ತಿ ಸುರಿದ, ಮಾರಾಟವಾದದ್ದು 56 ಪ್ರತಿ. ನಮ್ಮ ರಿಜಿಸ್ಟ್ರಾರ್ ಕವರು ಕೂಡ ಒಡೆಯುತ್ತಿರಲಿಲ್ಲ.

ಸಂದರ್ಶನ ನಡೆದದ್ದು ಹೊಸ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಮೇಲಿನ ಮಹಡಿಯ ಕೆಲಸ ಇನ್ನೂ ನಡೆಯುತ್ತಿದೆ. ಸಮಿತಿಯಲ್ಲಿ ಕುಲಪತಿಗಳು, ರಿಜಿಸ್ಟ್ರಾರ್, ಹಣಕಾಸು ಅಧಿಕಾರಿ, ಮತ್ತೆ ಬೆಂಗಳೂರಿನಿಂದ ಬಂದ ಒಬ್ಬ ಬ್ರ್ಯಾಂಡಿಂಗ್ ಸಲಹೆಗಾರ. ಜನಾರೋಗ್ಯಕ್ಕೆ ಬ್ರ್ಯಾಂಡಿಂಗ್ ಯಾಕೆ ಅಂತ ಕೇಳಬೇಡಿ, ಅವರಿಗೆ ವಿಮಾನದ ಟಿಕೆಟ್ ಆಗಲೇ ಆಗಿತ್ತು. ಮೇಜಿನ ಮೇಲೆ ಗೋಳಿಬಜೆ, ಚಟ್ನಿ, ಕಾಫಿ. ಮೇಜಿನ ಕೆಳಗೆ ಎಲ್ಲರೂ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತಿಕ್ಕಿಕೊಳ್ಳುತ್ತಿದ್ದರು.

ಮೊದಲನೆಯವರು ತಮ್ಮ ಪ್ರಬಂಧಗಳ ಪಟ್ಟಿಯನ್ನು ಪರದೆ ಮೇಲೆ ಹಾಕಿದರು. ಪಟ್ಟಿ ಇಳಿಯುತ್ತಾ ಹೋಯಿತು. ಒಂದೊಂದು ಪ್ರಬಂಧಕ್ಕೂ ಒಂದು ಕ್ರಿಕೆಟ್ ಟೀಮಿನಷ್ಟು ಲೇಖಕರು, ಇವರು ಯಾವಾಗಲೂ ಹನ್ನೆರಡನೇ ಆಟಗಾರ. ಎರಡನೆಯವರು ವಿದೇಶದಿಂದ ಆನ್‌ಲೈನ್‌ನಲ್ಲಿ ಬಂದರು. ಕರಾವಳಿಯ ಜನರ ಬಗ್ಗೆ ತಮಗೆ ಅಪಾರ ಕಾಳಜಿ ಇದೆ, ವರ್ಷಕ್ಕೆ ಎರಡು ಸಲ ಬಂದು ಹೋಗಲು ತಯಾರು ಅಂದರು. ಕುಲಪತಿಗಳ ಕಣ್ಣು ಹೊಳೆಯಿತು.

ಮೂರನೆಯವರು ಸುಳ್ಯ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿ ಬಂದ ಡಾಕ್ಟ್ರಮ್ಮ. ಎಂಡಿ ಆಗಿದೆ, ಪಾಠ ಮಾಡಿದ ಅನುಭವವೂ ಉಂಟು. ಚಪ್ಪಲಿಯಲ್ಲಿ ಸ್ವಲ್ಪ ಕೆಸರು ಇತ್ತು. ‘ನಿಮ್ಮ ವಿಷನ್ ಏನು?’ ಅಂತ ಸಲಹೆಗಾರರು ಕೇಳಿದರು.

‘ಸರ್, ಮೇಲೆ ಸ್ಲ್ಯಾಬ್ ಗಟ್ಟಿಯಾಗಲಿ ಅಂತ ಕ್ಯೂರಿಂಗ್ ನೀರು ನಿಲ್ಲಿಸಿದ್ದೀರಲ್ಲ. ಎಷ್ಟು ದಿನ ಆಯ್ತು?’

ಸಮಿತಿಗೆ ಇದು ಸಿಲೆಬಸ್ಸಿನ ಹೊರಗಿನ ಪ್ರಶ್ನೆ. ಹಣಕಾಸು ಅಧಿಕಾರಿ ಕಾಲು ತುರಿಸುತ್ತಲೇ, ಎರಡು ವಾರ ಆಗಿರಬಹುದು ಅಂದರು. ಕಾಂಟ್ರಾಕ್ಟರ್‌ಗೆ ಬಿಲ್ ಪಾಸಾಗಿಲ್ಲ, ಹಾಗಾಗಿ ನೀರೂ ನಿಂತಿದೆ, ಕೆಲಸವೂ ನಿಂತಿದೆ. ಡಾಕ್ಟ್ರಮ್ಮ ಬ್ಯಾಗಿನಿಂದ ಒಂದು ಸಣ್ಣ ಬಾಟಲಿ ತೆಗೆದು ಕಾಫಿ ಕಪ್ಪಿನ ಪಕ್ಕ ಇಟ್ಟರು. ಒಳಗೆ ಬರುವ ಮೊದಲು ಹತ್ತಿ ನೋಡಿ ಬಂದಿದ್ದರು. ‘ನೋಡಿ, ಸೊಳ್ಳೆಯ ಮರಿಹುಳ ನೀರಿನ ಮೇಲೆ ಅಡ್ಡಕ್ಕೆ ಮಲಗಿದೆ. ಇದು ಅನಾಫಿಲಿಸ್, ಮಲೇರಿಯಾ ಸೊಳ್ಳೆಯ ಗುಂಪು. ಓರೆಯಾಗಿ ನೇತಾಡುತ್ತಿದ್ದರೆ ಕ್ಯೂಲೆಕ್ಸ್. ಅನಾಫಿಲಿಸ್‌ನಲ್ಲೇ ನಮ್ಮ ಪೇಟೆಯಲ್ಲಿ ಮಲೇರಿಯಾ ಹರಡುವ ಸ್ಟೀಫೆನ್ಸಿ ಜಾತಿಗೆ ಚರಂಡಿ ಬೇಡ, ಇಂಥ ಸ್ವಚ್ಛ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆ ಆಗಲಿಕ್ಕೆ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಪೂರ್ತಿ ಖಾಲಿ ಮಾಡಿ ಒಣಗಿಸಿದರೆ ಆಯ್ತು. ಅದೇ ನನ್ನ ವಿಷನ್.’

ಸಲಹೆಗಾರರು ಬಾಟಲಿಯನ್ನು ಗೋಳಿಬಜೆಯಿಂದ ದೂರ ಸರಿಸಿದರು.

1880ರ ದಶಕದಲ್ಲಿ ರೊನಾಲ್ಡ್ ರಾಸ್ ಬೆಂಗಳೂರಿನಲ್ಲಿ ಸೇನೆಯ ವೈದ್ಯನಾಗಿದ್ದ. ತನ್ನ ಕೋಣೆಯಲ್ಲಿ ಸೊಳ್ಳೆ ಜಾಸ್ತಿ ಯಾಕೆ ಅಂತ ನೋಡಿದರೆ, ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿ. ಅದನ್ನು ಕವುಚಿದ, ಸೊಳ್ಳೆ ಕಮ್ಮಿಯಾಯಿತು. ಉಳಿದ ತೊಟ್ಟಿಗಳನ್ನೂ ಕವುಚೋಣ ಅಂದರೆ ಆಡಳಿತ ನೋಡುವ ಅಧಿಕಾರಿ ಒಪ್ಪಲಿಲ್ಲ. ಸೃಷ್ಟಿಯ ವ್ಯವಸ್ಥೆಯಲ್ಲಿ ಕೈಹಾಕಬಾರದು, ಸೊಳ್ಳೆಯನ್ನೂ ದೇವರು ಏನೋ ಉದ್ದೇಶಕ್ಕೆ ಹುಟ್ಟಿಸಿರುತ್ತಾನೆ ಅಂದನಂತೆ. ರಾಸ್‌ಗೆ 1902ರಲ್ಲಿ, ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ತೋರಿಸಿದ್ದಕ್ಕೆ, ನೊಬೆಲ್ ಬಂತು. ಆ ಅಧಿಕಾರಿಯ ವಂಶ ಮಾತ್ರ ನಮ್ಮ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಚೆನ್ನಾಗಿ ಬೆಳೆದಿದೆ.

ಡಾಕ್ಟ್ರಮ್ಮನವರ ಫೈಲಿನಲ್ಲಿ ಬರೆದದ್ದು ಇಷ್ಟು: ‘ಕ್ಷೇತ್ರದ ಅನುಭವ ಅತಿಯಾಗಿದೆ. ನಾಯಕತ್ವದ ಗುಣ ಕಂಡುಬರಲಿಲ್ಲ.’ ಉಳಿದಿಬ್ಬರಲ್ಲಿ ಒಬ್ಬರು ಸಂಬಳ ಸಾಲದು ಅಂದರು, ಇನ್ನೊಬ್ಬರ ನೆಟ್‌ವರ್ಕ್ ಹೋಯಿತು. ಸದ್ಯಕ್ಕೆ ಚರ್ಮರೋಗ ವಿಭಾಗದ ಪ್ರೊಫೆಸರ್ ಒಬ್ಬರಿಗೆ ಪ್ರಭಾರ ಕೊಟ್ಟಿದ್ದಾರೆ, ಸಹಿ ಹಾಕುವ ಅಧಿಕಾರ ಕೊಟ್ಟಿಲ್ಲ.

ಅಷ್ಟರಲ್ಲಿ ಪಾಲಿಕೆಯಿಂದ ನೋಟಿಸ್ ಬಂತು. ಮಲೇರಿಯಾದಲ್ಲಿ ಮಂಗಳೂರಿನ ಪಾಲಿಕೆ ಅಷ್ಟೇನೂ ಹಿಂದಿಲ್ಲ ಮಾರಾಯ್ರೆ. 2015ರಲ್ಲೇ ಸಾಫ್ಟ್‌ವೇರ್ ಮಾಡಿಸಿ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟ ಊರು ಇದು. ನೋಟಿಸ್ ಕುಲಪತಿಗಳಿಂದ ರಿಜಿಸ್ಟ್ರಾರ್‌ಗೆ, ಅಲ್ಲಿಂದ ಎಂಜಿನಿಯರ್‌ಗೆ, ಮತ್ತೆ ರಿಜಿಸ್ಟ್ರಾರ್‌ಗೆ ಹೋಗಿ, ಕೊನೆಗೆ ಅದರ ಮೂಲೆಯಲ್ಲಿ ಹಸಿರು ಇಂಕಿನ ಟಿಪ್ಪಣಿ ಬಿತ್ತು: ‘ಪಾಪ್ಯುಲೇಷನ್ ಹೆಲ್ತ್ ಮುಖ್ಯಸ್ಥರ ಅಭಿಪ್ರಾಯಕ್ಕೆ.’ ಅಭಿಪ್ರಾಯ ಬರುವ ತನಕ ಸ್ಲ್ಯಾಬಿನ ನೀರು ಯಥಾಸ್ಥಿತಿ.

ಎರಡನೇ ಸುತ್ತಿನ ಸಂದರ್ಶನ ಮುಂದಕ್ಕೆ ಹೋಗಿದೆ. ಹಣಕಾಸು ಅಧಿಕಾರಿಗೆ ಚಳಿಜ್ವರ. ರಕ್ತದಲ್ಲಿ ವೈವ್ಯಾಕ್ಸ್ ಎಂಬ ಮಲೇರಿಯಾ ರೋಗಾಣು. ಇದು ಲಿವರಿನಲ್ಲಿ ಅಡಗಿ ಕೂತು ತಿಂಗಳು ಕಳೆದು ಮತ್ತೆ ಏಳುವ ಜಾತಿ, ಅದಕ್ಕೇ 14 ದಿನ ಪ್ರೈಮಾಕ್ವಿನ್ ನುಂಗಬೇಕು. ಸಾಹೇಬರು ಜ್ವರ ಬಿಟ್ಟ ಕೂಡಲೇ ಮಾತ್ರೆಯನ್ನೂ ಬಿಟ್ಟರು. ವಿಚಾರಿಸಿ ಬರೋಣ ಅಂತ ಪಾಲಿಕೆಯ ಹುಡುಗ ಟ್ಯಾಬ್ ಹಿಡಿದು ಗೇಟಿಗೆ ಬಂದ. ಮಳೆ ಹೊಡೆಯುತ್ತಿತ್ತು. ಸೆಕ್ಯುರಿಟಿಯವನು ಕೊಡೆಯನ್ನೂ ಬಿಡಿಸದೆ ಕಿಟಕಿಯಿಂದಲೇ ಹೇಳಿದ:

‘ಒಳಗೆ ಬಿಡ್ಲಿಕ್ಕಿಲ್ಲ. ಹೆಲ್ತ್ ಡಿಪಾರ್ಟ್‌ಮೆಂಟಿನ ಹೆಡ್ಡಿಂದ ಲೆಟರ್ ತನ್ನಿ.’